ಸುಣ್ಣದ ಕೆಳಗಿನ ಚುಕ್ಕಿಗಳು

ನನ್ನ ಮಗಳ ಶಾಲೆಯಲ್ಲಿ ಶನಿವಾರ ಕತೆ ಪುಸ್ತಕ ಕೊಡುತ್ತಾರೆ. ಮನೆಯಲ್ಲಿ ಓದಿ ಸೋಮವಾರ ಮರಳಿಸಬೇಕು. ಆ ವಾರ ಅವಳು ಎರಡು ಪುಸ್ತಕ ತಂದಿದ್ದಳು. ಎರಡೂ ತೆಳ್ಳಗಿದ್ದವು, ಅಕ್ಷರಕ್ಕಿಂತ ಚಿತ್ರವೇ ಹೆಚ್ಚು. ಒಂದರಲ್ಲಿ ಮನುಷ್ಯರು ಚಿತ್ರ ಬರೆಯುತ್ತ ಬಂದ ಕತೆ ಇತ್ತು. ಗುಹೆಯ ಗೋಡೆಗೆ ಅಂಗೈ ಒತ್ತಿದವರಿಂದ ಶುರುವಾಗಿ, ಗುಡಿ ಅರಮನೆಗಳ ಗೋಡೆ ದಾಟಿ, ದೂರದ ದೇಶಗಳ ಚಿತ್ರಕಾರರ ತನಕ ಹೋಗುತ್ತಿತ್ತು. ಇನ್ನೊಂದು ಒಬ್ಬ ಹುಡುಗನ ಕತೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಪೆನ್ಸಿಲ್ಲುಗಳನ್ನು ಸಾಲಾಗಿ ಇಡುತ್ತಾನೆ, ಸಾಲು ಕೆಡಿಸಿದರೆ ಅಳುತ್ತಾನೆ. ಅವನಿಗೆ ಆಟಿಸಂ ಇದೆ, ಅದು ಜಡ್ಡಲ್ಲ, ಜಗತ್ತು ಅವನಿಗೆ ಬೇರೆ ಥರ ಕಾಣುತ್ತದೆ, ಬೇರೆ ಥರ ಕೇಳಿಸುತ್ತದೆ ಎಂದು ಮಕ್ಕಳಿಗೆ ತಿಳಿಯುವ ಹಾಗೆ ಬರೆದಿದ್ದರು.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಓದಲು ಬರುತ್ತದೆ, ಆದರೆ ತಡವಾಗುತ್ತದೆ. ಹಾಗಾಗಿ ಮಗಳು ಗಟ್ಟಿಯಾಗಿ ಓದುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ಬೆರಳಿಟ್ಟು ಹಿಂಬಾಲಿಸುತ್ತೇನೆ. ಅರ್ಧ ಓದಿದವಳು ನಿಲ್ಲಿಸಿದಳು.

"ಮಮ್ಮಿ, ಇವ ಥೇಟ್ ಬಬಲೇಶ್ವರದ ಮಾಮಾನಂಗ ಅದಾನಲ್ಲ?"

"ಹೂಂ."

"ಮಾಮಾಗೂ ಆಟಿಸಂ ಐತೇನು?"

"ನನಗೇನ್ ಗೊತ್ತವ್ವಾ? ಮುಂದ ಓದು ನೀ."

ಪುಸ್ತಕದ ಕೊನೆಯಲ್ಲಿ ಆ ಹುಡುಗನ ಅಕ್ಕ ಅವನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಮಗಳು ಆ ಚಿತ್ರದ ಮೇಲೆ ಕೈಯಾಡಿಸಿ, "ನೀನೂ ಮಾಮಾನ ಕೈ ಹಿಂಗ ಹಿಡ್ಕೊಂಡು ಹೋಗ್ತಿದ್ದೇನು?" ಎಂದು ಕೇಳಿದಳು.

ಹಿಡಿದುಕೊಂಡು ಹೋಗುತ್ತಿದ್ದೆ ಎಂದೆ. ಅದು ಸುಳ್ಳಲ್ಲ. ಹಾಗೆ ಕೈ ಹಿಡಿದು ಕೊನೆಯ ಸಲ ಎಲ್ಲಿಗೆ ಕರೆದುಕೊಂಡು ಹೋದೆ ಎಂದು ಅವಳು ಕೇಳಲಿಲ್ಲ.

ಆಮೇಲೆ ಚಿತ್ರಗಳ ಪುಸ್ತಕ ತೆಗೆದಳು. ಅದರ ಒಂದು ಪುಟದ ತುಂಬ ಬರೀ ಚುಕ್ಕಿಗಳು. ಏನೂ ತಿಳಿಯಲಿಲ್ಲ. ನಾನು ಬಗ್ಗಿ ನೋಡಿದೆ. "ಸನೇಕ ಬರಬ್ಯಾಡ ಮಮ್ಮಿ, ದೂರ ನಿಂತು ನೋಡ್ರಿ ಅಂತ ಬರದಾರ ಇಲ್ಲಿ" ಎಂದು ಮಗಳು ಪುಸ್ತಕ ಎತ್ತಿ ಹಿಡಿದು ಹೊರಕೋಣೆಯ ಆ ತುದಿಗೆ ಹೋದಳು. ನಾನು ಅಡುಗೆಮನೆಯ ಬಾಗಿಲಿಗೆ ಸರಿದೆ. ಅಲ್ಲಿಂದ ನೋಡಿದರೆ ಚುಕ್ಕಿಗಳೆಲ್ಲ ಕೂಡಿ ನೀರಾದವು, ನೀರಿನ ಮೇಲೆ ಒಂದು ದೋಣಿಯಾಯಿತು, ಗಿಡದ ನೆರಳಾಯಿತು.

"ಕಂಡ್ತೇನು?" ಎಂದು ಮಗಳು ಕುಣಿದಳು. ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಚುಕ್ಕಿಗಳು ಹಾಗೆ ಚಿತ್ರವಾಗುವುದನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ. ನನ್ನ ತಮ್ಮ ಬರೆದಿದ್ದ. ನಾನು ಅಳಿಸಿದ್ದೆ.

ನನ್ನ ತವರು ತಿಕೋಟಾ. ಊರ ಹೊರಗೆ ನಮ್ಮದು ಸಣ್ಣ ದ್ರಾಕ್ಷಿ ತೋಟ, ತೋಟದ ಮಗ್ಗುಲಲ್ಲೇ ಒಣದ್ರಾಕ್ಷಿ ಮಾಡುವ ಶೆಡ್. ಹಣ್ಣು ಬಂತೆಂದರೆ ಅಪ್ಪ, ಅವ್ವ ಇಬ್ಬರೂ ಬೆಳಗ್ಗೆ ಹೋದವರು ಕತ್ತಲಾದ ಮೇಲೆಯೇ ಬರುತ್ತಿದ್ದರು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು. ಆ ಒಬ್ಬರು ನಾನಾದೆ. ಶಾಲೆ ಬಿಟ್ಟಿದ್ದು ಅದಕ್ಕೇ. ಅವನಿಗೆ ನಾಲ್ಕಾರು ಮಾತು ಬರುತ್ತಿದ್ದವು, ಅವೂ ನಾವು ಆಡಿದ ಮಾತೇ ತಿರುಗಿ ಬರುತ್ತಿದ್ದವು. "ಉಣ್ತಿಯೇನು?" ಎಂದರೆ "ಉಣ್ತಿಯೇನು" ಎನ್ನುತ್ತಿದ್ದ. ಓಣಿಯವರು ಅವನನ್ನು ಮಬ್ಬ ಎಂದರು. ನಾನು ಕೊಡ ಹಿಡಿದು ಹೊರಟರೆ ಹುಡುಗರು "ಮಬ್ಬನ ಅಕ್ಕ ಬಂದ್ಳು, ಸರೀರಲೇ" ಎನ್ನುತ್ತಿದ್ದರು. ಗುಡಿ, ದರ್ಗಾ, ದಾರ, ತಾಯತ ಎಲ್ಲ ಆದವು. ಅವನಿಗಿರುವುದಕ್ಕೆ ಒಂದು ಹೆಸರಿದೆ ಎಂದು ನಮಗೆ ಯಾರೂ ಹೇಳಲಿಲ್ಲ.

ಅವನು ಪಡಸಾಲೆಯ ಗೋಡೆಗೆ ಚುಕ್ಕಿ ಇಡುತ್ತಿದ್ದ. ಒಲೆಯ ಇದ್ದಿಲು, ಅರಿಷಿಣ, ಇಟ್ಟಿಗೆ ಪುಡಿ, ತಿಕ್ಕಿದ ಅವರೆ ಎಲೆ. ಬೆರಳ ತುದಿಗೆ ಹಚ್ಚಿಕೊಂಡು ಒಂದರ ಪಕ್ಕ ಒಂದು, ಒಂದಕ್ಕೊಂದು ತಾಗದ ಹಾಗೆ. ಕೂತಲ್ಲಿಂದ ಶುರುಮಾಡಿ ನಿಂತು ಕೈ ನಿಲುಕುವ ತನಕ. ಅವನು ಹಾಗೆ ಕೆಲಸದಲ್ಲಿರುವಾಗ ಅಳುತ್ತಿರಲಿಲ್ಲ, ತಲೆ ಬಡಿದುಕೊಳ್ಳುತ್ತಿರಲಿಲ್ಲ, ಅಷ್ಟೇ ನನಗೆ ಬೇಕಾಗಿದ್ದುದು. ಪಕ್ಕದ ಮನೆಯ ಹೆಂಗಸು ಬಂದಾಗಲೆಲ್ಲ ನೋಡಿ, "ಇದೇನ ಬೇ, ಗ್ವಾಡಿ ತುಂಬ ನೊಣಾ ಕುಂತಂಗ ಮಾಡ್ಯಾನ" ಎಂದು ಮೂಗು ಮುರಿಯುತ್ತಿದ್ದಳು. ನಮ್ಮ ಪಡಸಾಲೆ ಇಕ್ಕಟ್ಟು. ಎಲ್ಲಿ ನಿಂತರೂ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ. ಅದನ್ನು ಯಾರೂ ದೂರ ನಿಂತು ನೋಡಿರಲಿಲ್ಲ.

ನನಗೆ ಗಂಡು ನೋಡತೊಡಗಿದರು. ಮೊದಲು ಬಂದವರ ಎದುರು ಚಹಾ, ಚೂಡಾ ಇಟ್ಟಿದ್ದೆವು. ತಮ್ಮ ಸದ್ದಿಲ್ಲದೆ ಬಂದು ಗಂಡಿನ ಕಾಕಾನ ಪ್ಲೇಟಿಗೆ ಕೈ ಹಾಕಿದ. ಶೇಂಗಾ ಒಂದು ಸಾಲು, ಪುಠಾಣಿ ಒಂದು ಸಾಲು, ಕರಿಬೇವು ಒಂದು ಸಾಲು ಮಾಡಿ ಅವರ ಮೊಣಕಾಲ ಮುಂದೆಯೇ ಹರವಿದ. ಒಣದ್ರಾಕ್ಷಿಯನ್ನು ಬಣ್ಣ, ಗಾತ್ರ ನೋಡಿ ಬೇರೆ ಮಾಡಿ ಮಾರುವ ಅಪ್ಪ ನಗಿಸಲು ನೋಡಿದ: "ನಮ್ಮ ಮನ್ಯಾಗ ಚೂಡಾನೂ ಗ್ರೇಡ್ ಮಾಡೇ ಕೊಡೂದರಿ." ಯಾರೂ ನಗಲಿಲ್ಲ. "ಆಮ್ಯಾಲ ತಿಳಸ್ತೀವ್ರಿ" ಎಂದು ಹೋದವರು ತಿಳಿಸಲೇ ಇಲ್ಲ.

ಎರಡನೆಯವರು ವಿಜಯಪುರದವರು. ಭಾನುವಾರ ಬರುತ್ತೇವೆ ಎಂದು ಹೇಳಿಕಳಿಸಿದರು. ಅವ್ವ ಖುಷಿಯಲ್ಲಿದ್ದಳು. ನಾನು ಹಟ ಹಿಡಿದೆ.

"ಅವ ಮನ್ಯಾಗ ಇದ್ರ ನಾ ಸೀರಿ ಉಟ್ಕೊಂಡು ಹೊರಗ ಬರೂದಿಲ್ಲ."

"ಹಂಗ್ಯಾಕ ಅಂತಿ ಬೇ? ನಿನ್ನ ಒಡಹುಟ್ಟಿದವಲ್ಲೇನು?"

"ಅದಕ್ಕಽ ಅಲ್ಲೇನು ನನ್ನ ಸಾಲಿ ಬಿಡಿಸಿದ್ದು? ಇನ್ನ ಲಗ್ನಾನೂ ಬಿಡಸ್ರಿ."

ಅಪ್ಪನ ತಂಗಿ, ನಮ್ಮ ಅತ್ತೆ, ಬಬಲೇಶ್ವರದಲ್ಲಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಭಾನುವಾರ ಬಂದು ತಮ್ಮನನ್ನು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಗೋಡೆಗೆ ಒಂದು ಚಾದರ ಇಳಿಬಿಟ್ಟರೆ ಆಯಿತು ಎಂದು ಅವ್ವ ಹೇಳಿದಳು. "ಹೆಂಗಸ್ರು ಚಾದರ ಎತ್ತಿ ನೋಡೇ ನೋಡ್ತಾರ, ಸುಣ್ಣಾ ಹಚ್ಚತೇನಿ" ಎಂದೆ. ಹಬ್ಬ ಇರಲಿಲ್ಲ, ಸುಣ್ಣ ಹಚ್ಚುವ ಕಾಲವೂ ಅಲ್ಲ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದೆ.

ಭಾನುವಾರ ಬೆಳಗ್ಗೆ ಅವ್ವ ಶೆಡ್ಡಿಗೆ ಹೋಗಿ ಬೇಗ ಬರುತ್ತೇನೆಂದು ಹೊರಟಳು. ನಾನು ಸುಣ್ಣಕ್ಕೆ ನೀರು ತರಲು ಅಂಗಳದ ಆ ತುದಿಯಲ್ಲಿದ್ದ ತೊಟ್ಟಿಗೆ ಹೋದೆ. ಕೊಡ ತುಂಬಿಸಿ ತಿರುಗಿದಾಗ ಬಾಗಿಲು ಪೂರ್ತಿ ತೆರೆದಿತ್ತು. ಎಳೆ ಬಿಸಿಲು ಒಳಗೆ ಗೋಡೆಯ ಮೇಲೆ ಬಿದ್ದು ಚುಕ್ಕಿಗಳೆಲ್ಲ ಒಂದಾಗಿದ್ದವು.

ಅವ್ವ ಕಂಡಳು.

ಒಣದ್ರಾಕ್ಷಿ ಆರಿಸುವ ಟೇಬಲ್ಲಿನ ಮೇಲೆ ಬಾಗಿ ಕುಳಿತಿದ್ದಳು. ತಲೆಯ ಮೇಲೆ ಸೆರಗು. ಕತ್ತು ಎಡಕ್ಕೆ ಸ್ವಲ್ಪ ವಾಲಿತ್ತು, ದಿನವಿಡೀ ಆರಿಸುತ್ತ ಕುಳಿತವರಿಗೆ ವಾಲುವ ಹಾಗೆ. ಹಿಂದೆ ದ್ರಾಕ್ಷಿ ಒಣಹಾಕುವ ಶೆಡ್ಡಿನ ಬಲೆಗಳು ಒಂದರ ಮೇಲೊಂದು, ಅವುಗಳ ಸಂದಿಯಿಂದ ಬರುವ ಹಸಿರು ಹಳದಿ ಬೆಳಕು. ಬಾಗಿಲಲ್ಲಿ ಬುತ್ತಿಗಂಟು ಹಿಡಿದ, ಎರಡು ಜಡೆಯ ಒಬ್ಬ ಹುಡುಗಿ ನಿಂತಿದ್ದಳು. ನಾನೇ. ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡಂತೆ ಕರೆದುಕೊಂಡು ಬುತ್ತಿ ಒಯ್ಯುತ್ತಿದ್ದವಳು. ಮುಖ ನೋಡದವನು ಅದನ್ನೆಲ್ಲ ಯಾವಾಗ ನೋಡಿದ್ದನೋ.

ಕೊಡ ಸೊಂಟದ ಮೇಲೆ ಇತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಒಳಗೆ ಹೋದೆ, ಸುಣ್ಣಕ್ಕೆ ನೀಲಿ ಬೆರೆಸಿದೆ.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ಬಾಯಿಲ್ಲ. ಆಟಿಸಂ ಎಂಬ ಮಾತು ಗೊತ್ತಿರಲಿಲ್ಲ, ಚಿತ್ರಕಲೆಯ ಕತೆ ಗೊತ್ತಿರಲಿಲ್ಲ, ನಿಜ. ಆದರೆ ಅವ್ವನ ಕತ್ತು ನನಗೆ ಗೊತ್ತಿತ್ತು.

ಕುಂಚದ ಸಪ್ಪಳಕ್ಕೆ ತಮ್ಮ ಬಂದ. ಸುಣ್ಣದಲ್ಲಿ ಅದ್ದಿ ಗೋಡೆಗೆ ಎಳೆದಾಗ ಬರುವ ಆ ಸರ್ ಸರ್ ಸದ್ದು ಅವನಿಗೆ ಇಷ್ಟವಾಯಿತು. ಕೈ ಚಾಚಿದ. ನಾನು ಕುಂಚ ಅವನ ಕೈಗೇ ಕೊಟ್ಟೆ. "ಪೂರಾ ಬೆಳ್ಳಗ ಮಾಡು, ಶೇಂಗಾ ಉಂಡಿ ಕೊಡ್ತೇನಿ" ಎಂದೆ. "ಶೇಂಗಾ ಉಂಡಿ" ಎಂದ. ಸುಣ್ಣ ಹಚ್ಚಿದವರಿಗೆ ಗೊತ್ತು, ಹಸಿ ಇರುವಾಗ ಅದು ಏನನ್ನೂ ಮುಚ್ಚುವುದಿಲ್ಲ. ನೀರಿನ ಹಾಗಿರುತ್ತದೆ. ಅವನು ಎಳೆದಂತೆಲ್ಲ ಚುಕ್ಕಿಗಳು ತೊಯ್ದು ಇನ್ನಷ್ಟು ಹೊಳೆದವು. ಅವನು ನಕ್ಕ. ತನ್ನ ಚಿತ್ರವನ್ನು ತೊಳೆದು ಚೆಂದ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಒಣಗಿದಾಗ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಬಿಸಿಲೇರಿದಂತೆ ಗೋಡೆ ಬಿಳಿಯಾಗುತ್ತ ಬಂತು. ಮೊದಲು ಶೆಡ್ ಹೋಯಿತು, ಆಮೇಲೆ ಟೇಬಲ್ಲು. ಅವನು ಗೋಡೆಗೆ ಕೆನ್ನೆ ಹಚ್ಚಿ ನೋಡಿದ. ಉಗುರಿನಿಂದ ಕೆರೆದ. ನಾನು ಅವನ ಕೈ ಹಿಡಿದು ಕೆಳಗಿಳಿಸಿ, "ಬೆಳ್ಳಗಾತು! ಎಷ್ಟ ಚಂದ ಆತು ನೋಡು! ಶಾಣ್ಯಾ ನನ ತಮ್ಮ!" ಎಂದೆ. ಹಾಗೆ ನಾನು ಅವನನ್ನು ಎಂದೂ ಹೊಗಳಿದವಳಲ್ಲ. ಅವನು ನನ್ನ ಮುಖ ನೋಡಿದ. ನನ್ನ ನೆನಪಿನಲ್ಲಿ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು.

ಅತ್ತೆ ಬಂದಳು. ಬಸ್ ಸ್ಟ್ಯಾಂಡಿನ ತನಕ ಅವನ ಕೈ ಹಿಡಿದು ನಾನೇ ಕರೆದುಕೊಂಡು ಹೋದೆ. ಉಗುರೊಳಗೆ ಸುಣ್ಣ ಹಾಗೇ ಇತ್ತು. ದಾರಿಯುದ್ದಕ್ಕೂ "ಶೇಂಗಾ ಉಂಡಿ, ಶೇಂಗಾ ಉಂಡಿ" ಎನ್ನುತ್ತಿದ್ದ. ಉಂಡಿಗಳನ್ನು ಬರುವವರಿಗೆಂದು ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ, ಎಣಿಕೆ ಕಡಿಮೆ ಬೀಳುತ್ತದೆ ಎಂದು ಒಂದನ್ನೂ ಮುಟ್ಟಿರಲಿಲ್ಲ. "ಆಮ್ಯಾಲ ಕೊಡ್ತೇನಿ" ಎಂದು ಬಸ್ಸು ಹತ್ತಿಸಿದೆ.

ಲಗ್ನ ಗೊತ್ತಾಯಿತು. ಒಬ್ಬ ತಮ್ಮ ಅತ್ತೆಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಾನೆ ಎಂದು ಅವರಿಗೆ ಹೇಳಿದ್ದೆವು. ಮದುವೆಯಾದ ಮೇಲೆ ನಿಜ ತಿಳಿದಾಗ ನನ್ನ ಗಂಡ ಸಿಟ್ಟಾಗಲಿಲ್ಲ. "ಇಷ್ಟಕ್ಕ ಯಾಕ ಮುಚ್ಚಿಟ್ರಿ? ಹೇಳಿದ್ರ ನಾ ಏನ್ ಬ್ಯಾಡಂತಿದ್ನ್ಯಾ?" ಎಂದರು ಅಷ್ಟೆ. ಆ ಮಾತಿನಷ್ಟು ನನ್ನನ್ನು ಯಾವ ಬೈಗುಳವೂ ಸುಟ್ಟಿಲ್ಲ.

ಒಂದು ದಿನಕ್ಕೆಂದು ಹೋದವನು ಅಲ್ಲೇ ಉಳಿದ. ಅವನಿಗೆ ಒಂದು ಜಾಗ ರೂಢಿಯಾದರೆ ಕೀಳುವುದು ಕಷ್ಟ. ಕೆಲವು ವರ್ಷಗಳಲ್ಲಿ ಅವ್ವ ತೀರಿಹೋದಳು. ಆ ಭಾನುವಾರ ಶೆಡ್ಡಿನಿಂದ ಬಂದವಳು ಬಿಳಿ ಗೋಡೆಯನ್ನು ಒಮ್ಮೆ ನೋಡಿ ಒಳಗೆ ಹೋಗಿದ್ದಳು, ಮತ್ತೆಂದೂ ಅದರ ಮಾತೆತ್ತಲಿಲ್ಲ. ಅವನು ತನ್ನನ್ನು ಬರೆದಿದ್ದ ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳೇ.

ಬಬಲೇಶ್ವರಕ್ಕೆ ಆಗಾಗ ಹೋಗುತ್ತೇನೆ. ಅತ್ತೆಗೆ ಫೋನ್ ಮಾಡಿ ತಿಳಿಸಿಯೇ ಹೋಗುತ್ತೇನೆ. ಅವಳ ಮನೆಯ ದನದ ಕೊಟ್ಟಿಗೆಯ ಗೋಡೆ ರಸ್ತೆಗೆ ಮುಖ ಮಾಡಿದೆ, ನಾನು ಹೋದಾಗಲೆಲ್ಲ ಅದು ಹಾಲಿನಂತೆ ಬೆಳ್ಳಗಿರುತ್ತಿತ್ತು. ಒಂದು ಚುಕ್ಕಿ ಇರುತ್ತಿರಲಿಲ್ಲ. ಅವನು ಬರೆಯುವುದನ್ನು ಬಿಟ್ಟಿದ್ದಾನೆ, ಬಿಡಿಸಿದವಳು ನಾನು ಎಂದುಕೊಂಡಿದ್ದೆ. ಅವನು ನನ್ನ ಹತ್ತಿರ ಬಂದು ಅಂಗೈ ಚಾಚುತ್ತಿದ್ದ. ನಾನು ಬಿಸ್ಕೀಟು ಇಡುತ್ತಿದ್ದೆ. ಅವನು ಅದನ್ನು ಕಟ್ಟೆಯ ಮೇಲಿಟ್ಟು ಮತ್ತೆ ಅಂಗೈ ಚಾಚುತ್ತಿದ್ದ. ಅವನ ಚಟ ಅದು ಎಂದು ಬಿಡುತ್ತಿದ್ದೆ.

ಪುಸ್ತಕ ಬಂದ ಸಂಜೆಯೇ ಅತ್ತೆಗೆ ಫೋನ್ ಮಾಡಿದೆ. ಮರುದಿನ ಭಾನುವಾರ. ಮಗಳನ್ನು ಕರೆದುಕೊಂಡು, ಚಿತ್ರಗಳ ಪುಸ್ತಕವನ್ನೂ ಒಂದು ಬಣ್ಣದ ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಚುಕ್ಕಿಗಳನ್ನು ತೋರಿಸಿದರೆ ಅವನಿಗೆ ನೆನಪಾದೀತು, ಮತ್ತೆ ಬರೆದಾನು ಎಂಬ ಆಸೆ. ಅವನು ಕಟ್ಟೆಯ ಮೇಲೆ ತೂಗಾಡುತ್ತ ಕುಳಿತಿದ್ದ. ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಹಿಂದಿನ ಗೋಡೆ ಆಗತಾನೇ ಸುಣ್ಣ ಕಂಡಂತಿತ್ತು. ಮಗಳು ಅವನ ತೊಡೆಯ ಮೇಲೆ ಪುಸ್ತಕ ತೆರೆದಿಟ್ಟಳು.

"ನೋಡ ಮಾಮಾ, ಚುಕ್ಕಿ!"

ಅವನ ತೂಗಾಟ ನಿಂತಿತು. ಪುಟವನ್ನು ಮೂಗಿನ ಹತ್ತಿರ ತಂದು ನೋಡಿದ, ಕೈಯಳತೆಗೆ ದೂರ ಹಿಡಿದು ನೋಡಿದ. ದೂರ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೆರಳನ್ನು ಚುಕ್ಕಿಯಿಂದ ಚುಕ್ಕಿಗೆ ಮೆಲ್ಲಗೆ ಇಡುತ್ತ ಹೋದ. ಆಗ ಅವನು ಒಮ್ಮೆ ನನ್ನ ಕಡೆ ನೋಡಿದ. ನೋಡಿದ್ದೇ ತಡ, ಪಕ್ಕದಲ್ಲಿದ್ದ ಅತ್ತೆಯ ಎಲೆ ಅಡಿಕೆಯ ಚಂಚಿಗೆ ಕೈ ಹಾಕಿ ಸುಣ್ಣದ ಡಬ್ಬಿ ತೆಗೆದ. ಬೆರಳಲ್ಲಿ ಸುಣ್ಣ ತೋಡಿ ಪುಟಕ್ಕೆ ಬಳಿಯತೊಡಗಿದ. ಮೂಲೆಯಿಂದ ಮೂಲೆಗೆ, ಒಂದು ಚುಕ್ಕಿಯೂ ಉಳಿಯದ ಹಾಗೆ.

"ಮಾಮಾ ಸಾಲಿ ಪುಸ್ತಕಾ ಹಾಳ ಮಾಡಿದ!" ಎಂದು ಮಗಳು ಅಳತೊಡಗಿದಳು. ಅವನು ಪುಸ್ತಕ ಕೆಳಗಿಟ್ಟು ನನಗೆ ಅಂಗೈ ಚಾಚಿದ.

"ಬೆಳ್ಳಗಾತು. ಶೇಂಗಾ ಉಂಡಿ."

ಅತ್ತೆ ಓಡಿ ಬಂದು ಡಬ್ಬಿ ಕಸಿದುಕೊಂಡಳು. "ಅಯ್ಯ ಇವನ! ಗ್ವಾಡಿ ಸಾಲಲಿಲ್ಲಂತ ಪುಸ್ತಕಕ್ಕೂ ಹಚ್ಚಿದ್ನ್ಯಾ?"

"ಗ್ವಾಡಿಗಿ ಇವನಽ ಹಚ್ಚತಾನೇನತ್ತಿ?"

"ಮತ್ಯಾರ ಹಚ್ಚತಾರ ಬೇ, ನಾ ಹಚ್ಚೇನಾ ಈ ಟೊಂಕ ಹಿಡ್ಕೊಂಡು? ನಾಳಿಗಿ ಅಕ್ಕ ಬರ್ತಾಳಂತ ಅಂದ್ರ ಸಾಕು, ಬಕೀಟ ಹುಡುಕಾಕತ್ತಾನ. ಉಳದ ದಿನಾ ನೋಡಬೇಕು ನೀ, ಇಡೀ ಗ್ವಾಡಿ ಚುಕ್ಕಿನಽ ಚುಕ್ಕಿ. ನೀ ಬರೂದ್ರಾಗ ಎಲ್ಲಾ ಸ್ವಚ್ಛ."

"ನನಗೊಂದಿನಾ ಹೇಳಲಿಲ್ಲಲ್ಲ ನೀ."

ಅತ್ತೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಹೇಳೂದೇನೈತಿ ಅದರಾಗ? ನಿನಗ ಬೆಳ್ಳಗಿದ್ರಽ ಚಂದ ಅಲ್ಲನು?"

ಅವನು ಇನ್ನೂ ಅಂಗೈ ಚಾಚಿಯೇ ಇದ್ದ. ಇಷ್ಟು ವರ್ಷ ಪ್ರತಿಸಲವೂ ತನ್ನ ಗೋಡೆಯನ್ನು ತಾನೇ ಅಳಿಸಿ, ಕೂಲಿ ಕೇಳುವವನ ಹಾಗೆ ಚಾಚಿದ್ದ ಅಂಗೈ ಅದು. ನನ್ನ ಚೀಲದಲ್ಲಿ ಬಣ್ಣದ ಡಬ್ಬಿ ಇತ್ತು. ಉಂಡಿ ಇರಲಿಲ್ಲ.

ಸೋಮವಾರ ಮಗಳ ಜತೆ ಶಾಲೆಗೆ ಹೋಗಿ ಟೀಚರಿಗೆ ಪುಸ್ತಕ ಕೊಟ್ಟೆ. ಸುಣ್ಣ ಒಣಗಿ ಪುಟ ಬಿರುಸಾಗಿತ್ತು, ಮಡಚಿದಲ್ಲಿ ಪುಡಿ ಉದುರುತ್ತಿತ್ತು. "ಇರ್ಲಿ ಬಿಡ್ರಿ, ಹುಡುಗೂರು ಮಾಡ್ತಾವ" ಎಂದರು. "ಹುಡುಗೂರಲ್ಲರಿ, ನಾ ಮಾಡಿದ್ದು" ಎಂದೆ.

ಆಮೇಲೊಂದು ದಿನ ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ ಉಂಡಿ ಕಟ್ಟಿದೆ. ಡಬ್ಬಿಯಲ್ಲಿಟ್ಟುಕೊಂಡು, ಅತ್ತೆಗೆ ಫೋನ್ ಮಾಡದೆ, ಒಬ್ಬಳೇ ಬಬಲೇಶ್ವರಕ್ಕೆ ಹೋದೆ. ಅತ್ತೆಯ ಮನೆ ಕಾಣುವ ತಿರುವಿನಲ್ಲೇ ನಿಂತೆ. ರಸ್ತೆಯ ಈಚೆ ಯಾರದೋ ಟ್ರ್ಯಾಕ್ಟರಿನ ಟ್ರಾಲಿ ನಿಂತಿತ್ತು. ಅದರ ಮರೆಗೆ ಸರಿದೆ.

ಗೋಡೆ ತುಂಬಿತ್ತು. ಅವನು ನನಗೆ ಬೆನ್ನು ಹಾಕಿ ನಿಂತಿದ್ದ. ಕೆಳಗೆ ತಗಡಿನ ಮುಚ್ಚಳಗಳಲ್ಲಿ ಇದ್ದಿಲು, ಅರಿಷಿಣ, ಇಟ್ಟಿಗೆ ಪುಡಿ. ಬೆರಳು ಅದ್ದುವುದು, ಇಡುವುದು, ಅದ್ದುವುದು, ಇಡುವುದು. ಅಷ್ಟು ದೂರದಿಂದ ಶೆಡ್ ಕಂಡಿತು, ಬಲೆಗಳ ಸಂದಿಯ ಬೆಳಕು ಕಂಡಿತು. ಟೇಬಲ್ಲಿನ ಮೇಲೆ ಬಾಗಿದ ಅವ್ವ ಕಂಡಳು. ಸೆರಗು, ಎಡಕ್ಕೆ ವಾಲಿದ ಕತ್ತು. ಅವ್ವನ ಒಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಶೆಡ್ಡಿನ ಬಾಗಿಲಿರುವ ಕಡೆ ಮಾತ್ರ ಅವನೇ ಅಡ್ಡ ನಿಂತಿದ್ದ. ಅಲ್ಲಿ ಬುತ್ತಿಗಂಟು ಹಿಡಿದ ಹುಡುಗಿ ಈಗಲೂ ಇದ್ದಾಳೋ, ಅಥವಾ ಆ ಜಾಗವನ್ನು ಅವನು ಖಾಲಿ ಬಿಟ್ಟಿದ್ದಾನೋ ಎಂದು ತಿಳಿಯಲು ಅವನು ಸರಿಯಬೇಕು, ಇಲ್ಲವೇ ನಾನು ರಸ್ತೆ ದಾಟಬೇಕು. ದಾಟಿದರೆ ಅವನು ನನ್ನನ್ನು ನೋಡುತ್ತಾನೆ. ಸುಣ್ಣದ ಬಕೆಟ್ಟು ಗೋಡೆಯ ಬುಡದಲ್ಲೇ ಇತ್ತು, ಕುಂಚ ಅದರ ಮೇಲೆ ಅಡ್ಡ ಮಲಗಿತ್ತು.

ಉಂಡಿ ಡಬ್ಬಿ ಕಂಕುಳಲ್ಲಿ ಹಿಡಿದು ಟ್ರಾಲಿಯ ಹಿಂದೆಯೇ ನಿಂತೆ. ವಿಜಯಪುರದ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವನು ಎರಡೂ ಕಿವಿ ಮುಚ್ಚಿಕೊಂಡ, ಆದರೆ ತಿರುಗಲಿಲ್ಲ. ನಾನು ಬಸ್ಸು ಹತ್ತಿದಾಗಲೂ ಅವನು ಆ ಬಾಗಿಲ ಜಾಗದಿಂದ ಸರಿದಿರಲಿಲ್ಲ.